ನೀರು ಕಟ್ಟುವ ಗೋಡೆ

ತೀರ್ಥಹಳ್ಳಿಯಲ್ಲಿ ಒಂದು ಆಷಾಢದ ಸಂಜೆ ಊರವರ ಮುಂದೆ ಆಡಿದ ಮಾತಿನ ಬರಹ ರೂಪ ಇದು. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಒಂದನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ. ಛತ್ರಿಗಳಿಂದ ಇನ್ನೂ ನೀರು ಇಳಿಯುತ್ತಿದೆ. ಮೊದಲು ನಿಮಗೊಂದು ಪ್ರಶ್ನೆ. ಇವತ್ತು ಬೆಳಿಗ್ಗೆ ಯಾರ್ಯಾರ ಮನೆಯಲ್ಲಿ ಮಜ್ಜಿಗೆ ಕಡೆದಿರಿ?

ಹತ್ತು ಹನ್ನೆರಡು ಕೈ ಎದ್ದವು, ಸಂತೋಷ. ನೀವು ಕಡೆದಾಗ ಆ ಚರಿಗೆಯೊಳಗೆ ಏನಾಯಿತು ಅಂತ ಹೇಳುತ್ತೇನೆ. ಹಾಲಿನಲ್ಲಿ ಕೊಬ್ಬು ಸುಮ್ನೆ ಕರಗಿಕೊಂಡಿರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಗೋಲಿಗಳಾಗಿ ಇರುತ್ತದೆ. ಪ್ರತಿ ಗೋಲಿಗೂ ಒಂದು ತೆಳು ಹೊದಿಕೆ. ಆ ಹೊದಿಕೆ ಎಲ್ಲಿಂದ ಬಂತು ಗೊತ್ತಾ? ಹಸುವಿನ ಕೆಚ್ಚಲಿನ ಜೀವಕೋಶದಿಂದ. ಕೋಶದ ಒಳಗೆ ಕೊಬ್ಬಿನ ಹನಿ ತಯಾರಾಗುತ್ತದೆ. ಹೊರಗೆ ಬರುವಾಗ ಕೋಶದ ಗೋಡೆಯನ್ನೇ ಮೈಗೆ ಸುತ್ತಿಕೊಂಡು, ಅಷ್ಟು ತುಂಡನ್ನು ಹರಿದುಕೊಂಡು ಬರುತ್ತದೆ. ನಾವು ಕಡಗೋಲು ಆಡಿಸಿದಾಗ ಆ ಹೊದಿಕೆ ಹರಿಯುತ್ತದೆ. ಒಳಗಿನ ಕೊಬ್ಬು ಒಂದಕ್ಕೊಂದು ಅಂಟಿ ಬೆಣ್ಣೆ ಮೇಲೆ ಬರುತ್ತದೆ. ಹೊದಿಕೆಯ ಚೂರುಗಳಲ್ಲಿ ಹೆಚ್ಚಿನವು ಮಜ್ಜಿಗೆಯಲ್ಲೇ ಉಳಿಯುತ್ತವೆ. ಮಧ್ಯಾಹ್ನ ಊಟದ ಕೊನೆಗೆ ನೀವು ಕುಡಿದದ್ದು ಆ ಗೋಡೆಯ ಚೂರುಗಳನ್ನು.

ಇವತ್ತು ನಾನು ಮಾತಾಡುವುದು ಆ ಗೋಡೆಯ ಬಗ್ಗೆ. ಅದರ ಮುಖ್ಯ ಸಾಮಾನು ಫಾಸ್ಫೋಲಿಪಿಡ್. ಹೆಸರು ಉದ್ದವಾಯಿತು, ಆದರೆ ಬಿಡಿಸಿದರೆ ಸುಲಭ. ಲಿಪಿಡ್ ಅಂದರೆ ಕೊಬ್ಬಿನ ಜಾತಿಯದು. ಫಾಸ್ಫೋ ಅಂದರೆ ರಂಜಕ ಸೇರಿದ್ದು. ತೋಟದವರಿಗೆ ರಂಜಕ ಹೊಸದಲ್ಲ. ಗೊಬ್ಬರದ ಚೀಲದ ಮೇಲೆ ಮೂರು ಅಂಕಿ ಇರುತ್ತವಲ್ಲ, ಅದರಲ್ಲಿ ನಡುವಿನದು.

ಮಧ್ಯದಲ್ಲಿ ಗ್ಲಿಸರಾಲ್ ಅನ್ನುವ ಒಂದು ಪುಟ್ಟ ತುಂಡು ಇದೆ. ಅದಕ್ಕೆ ಮೂರು ಕೊಕ್ಕೆ ಅಂತ ಅಂದುಕೊಳ್ಳಿ. ನಮ್ಮ ಎಣ್ಣೆ, ತುಪ್ಪದಲ್ಲಿ ಮೂರೂ ಕೊಕ್ಕೆಗೆ ಕೊಬ್ಬಿನ ಆಮ್ಲದ ಉದ್ದ ಬಾಲಗಳು ನೇತಾಡುತ್ತವೆ. ಫಾಸ್ಫೋಲಿಪಿಡ್‌ನಲ್ಲಿ ಎರಡಕ್ಕೆ ಮಾತ್ರ ಬಾಲ. ಒಂದೊಂದು ಬಾಲದಲ್ಲಿ ಸಾಮಾನ್ಯವಾಗಿ 16 ಅಥವಾ 18 ಇಂಗಾಲದ ಪರಮಾಣುಗಳ ಸರ. ಮೂರನೆಯ ಕೊಕ್ಕೆಗೆ ಫಾಸ್ಫೇಟ್, ಅದರ ತುದಿಗೆ ಕೋಲೀನೋ, ಸೆರೀನೋ, ಅಂಥದ್ದೊಂದು. ಈ ಕಡೆಯನ್ನು ತಲೆ ಅನ್ನೋಣ. ತಲೆಗೆ ವಿದ್ಯುತ್ತಿನ ಚಾರ್ಜ್ ಇದೆ, ಹಾಗಾಗಿ ನೀರಿಗೂ ಅದಕ್ಕೂ ಚೆನ್ನಾಗಿ ಹೊಂದುತ್ತದೆ. ಬಾಲ ಬರೀ ಎಣ್ಣೆ. ನೀರಿಗೂ ಅದಕ್ಕೂ ಹೊಂದುವುದಿಲ್ಲ. ಬಿಸ್ಕತ್ತಿನ ಪ್ಯಾಕೆಟ್ ಹಿಂದೆ ಸೋಯಾ ಲೆಸಿಥಿನ್ ಅಂತ ಬರೆದಿರುವುದನ್ನು ಮಕ್ಕಳು ಓದಿರಬಹುದು. ಅದೂ ಇದೇ ಗುಂಪಿನದು. ಗೊಬ್ಲೆ ಅನ್ನುವ ಫ್ರಾನ್ಸಿನ ಔಷಧಿ ತಯಾರಕರು 1840ರ ದಶಕದಲ್ಲಿ ಮೊಟ್ಟೆಯ ಹಳದಿಯಿಂದ ಅದನ್ನು ಬೇರ್ಪಡಿಸಿದ್ದರು.

ನೀರಿಗೂ ನೆಂಟ, ಎಣ್ಣೆಗೂ ನೆಂಟ ಆಗಿರುವ ವಸ್ತು ಇದೊಂದೇ ಅಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ರಾಳವನ್ನು ಸೋಡಾದ ಜೊತೆ ಕುದಿಸಿ ಬೆರೆಸುತ್ತೀರಲ್ಲ, ಅದೂ ಹಾಗೇ. ಅಡಿಕೆಯ ಮೇಲೆ ಮೇಣದ ಹೊಳಪಿದೆ, ಬರೀ ನೀರು ಜಾರಿ ಹೋಗುತ್ತದೆ. ರಾಳದ ಸೋಪು ಒಂದು ಕೈಯಲ್ಲಿ ಮೇಣ, ಇನ್ನೊಂದು ಕೈಯಲ್ಲಿ ನೀರು ಹಿಡಿದು ಔಷಧಿಯನ್ನು ಕಾಯಿಗೆ ಅಂಟಿಸುತ್ತದೆ. ಬಟ್ಟೆ ಸೋಪಿನ ಕೆಲಸವೂ ಇದೇ. ಆದರೆ ಸೋಪಿಗೂ ಫಾಸ್ಫೋಲಿಪಿಡ್‌ಗೂ ಒಂದು ವ್ಯತ್ಯಾಸ ಇದೆ. ಸೋಪಿಗೆ ಒಂದೇ ಬಾಲ. ತಲೆ ಅಗಲ, ಬಾಲ ಸಣ್ಣ, ಬೆಣೆಯ ಆಕಾರ. ಬೆಣೆಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಉಂಡೆಯಾಗುತ್ತದೆ, ಹಲಗೆಯಾಗುವುದಿಲ್ಲ. ಎರಡು ಬಾಲ ಇದ್ದರೆ ಮೇಲೆ ಕೆಳಗೆ ಒಂದೇ ದಪ್ಪ, ಅಡಿಕೆ ದಬ್ಬೆಗಳ ಹಾಗೆ ಸಾಲಾಗಿ ನಿಲ್ಲುತ್ತವೆ. ಇದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಹಾವಿನ ವಿಷಯಕ್ಕೆ ಬರುವಾಗ ಬೇಕಾಗುತ್ತದೆ.

ಈಗ ಇವುಗಳನ್ನು ನೀರಿಗೆ ಬಿಟ್ಟರೆ ಏನಾಗುತ್ತದೆ? ನೆಟ್ಟಿ ಗದ್ದೆಯನ್ನು ನೆನಪಿಸಿಕೊಳ್ಳಿ. ಗೊರಬು ಹೊತ್ತವರು ಎರಡು ಸಾಲಾಗಿ, ಮುಖಕ್ಕೆ ಮುಖ ಕೊಟ್ಟು ಒತ್ತಾಗಿ ನಿಂತಿದ್ದಾರೆ. ಮಳೆ ಎರಡೂ ಕಡೆಯಿಂದ ಹೊಡೆಯುತ್ತಿದೆ. ಗೊರಬು ಹೊರಗೆ, ಮೈ ಒಳಗೆ. ಎರಡು ಸಾಲಿನ ನಡುವೆ ಮಾತ್ರ ಒಣ ಜಾಗ. ಫಾಸ್ಫೋಲಿಪಿಡ್‌ಗಳು ಹೀಗೇ ನಿಲ್ಲುತ್ತವೆ. ತಲೆಗಳು ಎರಡೂ ಬದಿಯ ನೀರಿನ ಕಡೆಗೆ, ಬಾಲಗಳು ನಡುವೆ. ಇದಕ್ಕೇ ಎರಡು ಪದರದ ಪೊರೆ ಅನ್ನುವುದು. ನಿಮ್ಮ ಮೈಯ ಪ್ರತಿ ಜೀವಕೋಶಕ್ಕೂ, ಹೊರಗಿನ ಹಲಸಿನ ಮರದ ಕೋಶಕ್ಕೂ, ಮೊಸರಿನ ಬ್ಯಾಕ್ಟೀರಿಯಾಕ್ಕೂ ಗೋಡೆ ಇದೇ ಮಾದರಿ.

ಗೊರಬಿನ ಹೋಲಿಕೆಯಲ್ಲಿ ಒಂದು ತಪ್ಪು ಅರ್ಥ ಬರಬಹುದು. ಮಳೆಗೆ ಹೆದರಿ ಜನ ಒಳಗೆ ಸರಿಯುತ್ತಾರೆ. ಹಾಗೆ ಬಾಲಗಳು ನೀರಿಗೆ ಹೆದರಿ ಓಡುತ್ತವೆ ಅಂತ ನಾನೂ ಬಹಳ ವರ್ಷ ಪಾಠ ಹೇಳಿದ್ದೇನೆ. ನಿಜವಾದ ಕಾರಣ ನೀರಿನಲ್ಲಿದೆ. ನೀರಿನ ಅಣುಗಳು ಒಂದರ ಕೈ ಒಂದು ಹಿಡಿದಿರುತ್ತವೆ. ಕ್ಷಣಕ್ಕೊಮ್ಮೆ ಕೈ ಬಿಟ್ಟು ಪಕ್ಕದ್ದನ್ನು ಹಿಡಿಯುತ್ತವೆ. ಅದು ಅವುಗಳ ಓಡಾಟ, ಅವುಗಳ ಸ್ವಾತಂತ್ರ್ಯ. ಎಣ್ಣೆಗೆ ಹಿಡಿಯುವ ಕೈ ಇಲ್ಲ. ನಡುವೆ ಎಣ್ಣೆಯ ಬಾಲ ಬಂದರೆ ಸುತ್ತಲಿನ ನೀರು ಬೇಕಾದ ಹಾಗೆ ತಿರುಗಲಾರದು. ಕೈ ತಪ್ಪದ ಹಾಗೆ ಕೆಲವೇ ಭಂಗಿಗಳಲ್ಲಿ ನಿಲ್ಲಬೇಕಾಗುತ್ತದೆ. ಬಾಲಗಳೆಲ್ಲ ಒಂದು ಕಡೆ ಸೇರಿಬಿಟ್ಟರೆ ನೀರು ಮತ್ತೆ ಸಲೀಸು. ಹಾಗಾಗಿ ನೀರೇ ಅವನ್ನು ಒಟ್ಟಿಗೆ ತಳ್ಳುತ್ತದೆ. ಅಂದರೆ ಗೋಡೆ ಕಟ್ಟುತ್ತಿರುವುದು ಕೊಬ್ಬಲ್ಲ, ನೀರು. ಈ ಗೋಡೆಯಲ್ಲಿ ಒಂದು ಫಾಸ್ಫೋಲಿಪಿಡ್‌ಗೂ ಪಕ್ಕದ್ದಕ್ಕೂ ಮೊಳೆ ಹೊಡೆದಿಲ್ಲ, ಗಾರೆ ಹಾಕಿಲ್ಲ. ನೀರು ಸುತ್ತ ಇರುವುದರಿಂದ ನಿಂತಿದೆ, ಅಷ್ಟೆ. ನಾನು ಇವತ್ತು ಇಲ್ಲಿಗೆ ಬಂದದ್ದೇ ಇದನ್ನು ಹೇಳಲು.

ಹಲಗೆಯ ಅಂಚಿನಲ್ಲಿ ಬಾಲಗಳು ನೀರಿಗೆ ತಾಗುತ್ತವೆ. ನೀರು ಅದನ್ನೂ ಬಿಡುವುದಿಲ್ಲ. ಹಲಗೆ ಬಾಗಿ, ಅಂಚಿಗೆ ಅಂಚು ಸೇರಿ, ಚೀಲವಾಗುತ್ತದೆ. ಸಣ್ಣ ತೂತಾದರೆ ತಾನೇ ಮುಚ್ಚಿಕೊಳ್ಳುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಲೆಸಿಥಿನ್ನನ್ನು ನೀರಿನಲ್ಲಿ ಕಲಕಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಪದರ ಪದರವಾದ ಮುಚ್ಚಿದ ಚೀಲಗಳು ಕಂಡವು. ಅವೇ ಲೈಪೋಸೋಮ್. 2021ರಲ್ಲಿ ಕೊರೊನಾದ ಬೆನ್ನಿಗೆ ಕಪ್ಪು ಶಿಲೀಂಧ್ರ ಬಂದಾಗ ಊರೂರು ಹುಡುಕಿದ ಇಂಜೆಕ್ಷನ್ ನೆನಪಿದೆಯಾ? ಲೈಪೋಸೋಮಲ್ ಆಂಫೋಟೆರಿಸಿನ್. ಔಷಧಿಯನ್ನು ಇಂಥ ಚೀಲಗಳಲ್ಲಿ ಸೇರಿಸಿ ಕೊಡುತ್ತಾರೆ, ಕಿಡ್ನಿಗೆ ಪೆಟ್ಟು ಕಮ್ಮಿಯಾಗಲಿ ಅಂತ.

ಗೋಡೆ ಎಷ್ಟು ದಪ್ಪ? ಇದಕ್ಕೆ ನನಗೆ ತುಂಬಾ ಇಷ್ಟವಾದ ಕಥೆ ಇದೆ. ಬೆಂಜಮಿನ್ ಫ್ರಾಂಕ್ಲಿನ್ ಲಂಡನ್ನಿನ ಕ್ಲಾಪಮ್‌ನ ಕೆರೆಯೊಂದರ ಮೇಲೆ ಒಂದು ಟೀ ಚಮಚ ಎಣ್ಣೆ ಸುರಿದರು. ಎಣ್ಣೆ ಹರಡುತ್ತಾ ಹರಡುತ್ತಾ ಅರ್ಧ ಎಕರೆಯಷ್ಟು ನೀರು ಕನ್ನಡಿಯ ಹಾಗೆ ಸ್ತಬ್ಧವಾಯಿತು. ಅವರ ಪತ್ರ 1774ರಲ್ಲಿ ಪ್ರಕಟವಾಯಿತು. ಅರ್ಧ ಎಕರೆ ಅಂದರೆ 20 ಗುಂಟೆ. ಒಂದು ಚಮಚ ಎಣ್ಣೆಯನ್ನು 20 ಗುಂಟೆಗೆ ಹರಡಿದರೆ ದಪ್ಪ ಎಷ್ಟು ಬರುತ್ತದೆ ಅಂತ ಹೈಸ್ಕೂಲಿನ ಮಕ್ಕಳು ಮನೆಗೆ ಹೋಗಿ ಲೆಕ್ಕ ಹಾಕಿ. ಸುಮಾರು ಎರಡೂವರೆ ನ್ಯಾನೋಮೀಟರ್ ಬರುತ್ತದೆ. ಫ್ರಾಂಕ್ಲಿನ್ ಈ ಲೆಕ್ಕ ಹಾಕಲಿಲ್ಲ. ಹಾಕಿದ್ದರೆ ಒಂದು ಅಣುವಿನ ಅಳತೆ ಅವರ ಕೈಗೆ ಆಗಲೇ ಸಿಗುತ್ತಿತ್ತು.

1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಅದೇ ಉಪಾಯವನ್ನು ರಕ್ತಕ್ಕೆ ತಂದರು. ಮನುಷ್ಯ, ಆಡು, ಕುರಿ, ಮೊಲ, ನಾಯಿ ಹೀಗೆ ಹಲವು ಪ್ರಾಣಿಗಳ ಕೆಂಪು ರಕ್ತಕಣ ತೆಗೆದುಕೊಂಡರು. ಅದರ ಕೊಬ್ಬನ್ನೆಲ್ಲ ಅಸಿಟೋನಿನಲ್ಲಿ ಬಿಡಿಸಿ ನೀರಿನ ಮೇಲೆ ಹರಡಿ ಅಳೆದರು. ರಕ್ತಕಣಗಳ ಮೈ ಎಷ್ಟು ಅಗಲವೋ ಅದಕ್ಕೆ ಎರಡರಷ್ಟು ಬಂತು. ಹಾಗಾದರೆ ಗೋಡೆಯಲ್ಲಿ ಎರಡು ಸಾಲು ಇರಬೇಕು ಅಂದರು. ಅವರ ಕೆಲಸದಲ್ಲಿ ಎರಡು ತಪ್ಪಿದ್ದವು. ಕೊಬ್ಬು ಪೂರ್ತಿ ಬಿಡಿಸಿಕೊಂಡಿರಲಿಲ್ಲ. ಒಣಗಿದ ರಕ್ತಕಣಗಳನ್ನು ಅಳೆದದ್ದರಿಂದ ಮೈಯ ಅಗಲವೂ ಕಮ್ಮಿ ಬಂದಿತ್ತು. ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿ ಉತ್ತರ ಸರಿ ಬಂತು. ಮುಂದೆ ಬೇರೆಯವರು ಸರಿಯಾಗಿ ಅಳೆದಾಗಲೂ ಎರಡು ಸಾಲೇ ನಿಂತಿತು.

ಎರಡೂ ಸಾಲು ಸೇರಿ ಸುಮಾರು 5 ನ್ಯಾನೋಮೀಟರ್. ಒಂದು ತಲೆಗೂದಲಿನ ದಪ್ಪಕ್ಕೆ ಇಂಥ 10,000ಕ್ಕೂ ಜಾಸ್ತಿ ಗೋಡೆಗಳನ್ನು ಪೇರಿಸಬಹುದು. ಇಷ್ಟು ತೆಳು ಗೋಡೆ ಉಪ್ಪಿನ ಕಣವನ್ನು ದಾಟಗೊಡುವುದಿಲ್ಲ. ಸಕ್ಕರೆಯನ್ನೂ ಬಿಡುವುದಿಲ್ಲ. ಆಮ್ಲಜನಕ ಸಲೀಸಾಗಿ ದಾಟುತ್ತದೆ. ಉಳಿದವಕ್ಕೆ ಗೋಡೆಯಲ್ಲಿ ಪ್ರೋಟೀನಿನ ಬಾಗಿಲುಗಳಿವೆ. ಬಾಗಿಲುಗಳದ್ದೇ ಒಂದು ದಿನದ ಮಾತು, ಇವತ್ತು ಬೇಡ.

ಮೊಳೆ ಇಲ್ಲ ಅಂದೆನಲ್ಲ. ಅದರಿಂದ ಆಗುವುದೇನು ನೋಡಿ. ಒಂದು ಫಾಸ್ಫೋಲಿಪಿಡ್ ತನ್ನ ಸಾಲಿನಲ್ಲಿ ಪಕ್ಕದ್ದರ ಜೊತೆ ಸೆಕೆಂಡಿಗೆ ಸುಮಾರು 1 ಕೋಟಿ ಸಲ ಜಾಗ ಬದಲಿಸುತ್ತದೆ. ಗೋಡೆ ನಿಂತೇ ಇದೆ, ಆದರೆ ಅದರ ಇಟ್ಟಿಗೆಗಳೆಲ್ಲ ಓಡಾಡುತ್ತಿವೆ. 1970ರಲ್ಲಿ ಫ್ರೈ ಮತ್ತು ಎಡಿಡಿನ್ ಇಲಿಯ ಕೋಶವನ್ನೂ ಮನುಷ್ಯನ ಕೋಶವನ್ನೂ ಸೇರಿಸಿ ಒಂದು ಮಾಡಿದರು. ಒಂದರ ಪ್ರೋಟೀನಿಗೆ ಹಸಿರು ಬಣ್ಣ, ಇನ್ನೊಂದರದ್ದಕ್ಕೆ ಕೆಂಪು. ಮೊದಲು ಅರ್ಧ ಹಸಿರು, ಅರ್ಧ ಕೆಂಪು ಕಂಡಿತು. ಮೈ ಬಿಸಿಯಲ್ಲಿ 40 ನಿಮಿಷ ಇಟ್ಟಾಗ ಎರಡೂ ಪೂರ್ತಿ ಬೆರೆತಿದ್ದವು. ತಣ್ಣಗಿಟ್ಟಾಗ ಬೆರೆಯಲಿಲ್ಲ. ಎರಡು ವರ್ಷದ ಮೇಲೆ, 1972ರಲ್ಲಿ, ಸಿಂಗರ್ ಮತ್ತು ನಿಕೋಲ್ಸನ್ ಈ ಹರಿಯುವ ಗೋಡೆಯ ಚಿತ್ರವನ್ನು ಬರೆದುಕೊಟ್ಟರು. ಇವತ್ತಿನ ಪಠ್ಯಪುಸ್ತಕಗಳಲ್ಲೂ ಅದೇ ಇದೆ.

ತಣ್ಣಗಿಟ್ಟಾಗ ಬೆರೆಯಲಿಲ್ಲ ಅನ್ನುವುದು ನಿಮಗೆ ಗೊತ್ತಿರುವ ವಿಷಯವೇ. ಚಳಿಗಾಲದಲ್ಲಿ ಬೆಣ್ಣೆ ಬರದಿದ್ದರೆ ಏನು ಮಾಡುತ್ತೀರಿ? ಬಿಸಿನೀರು ಹಾಕುತ್ತೀರಿ. ಬೇಸಿಗೆಯಲ್ಲಿ ತಣ್ಣೀರು. ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿರುತ್ತದೆ, ಪಕ್ಕದ ಶೇಂಗಾ ಎಣ್ಣೆ ಹಾಗೇ ಇರುತ್ತದೆ. ಕೊಬ್ಬರಿ ಎಣ್ಣೆಯ ಬಾಲಗಳು ಹೆಚ್ಚಾಗಿ ನೆಟ್ಟಗಿವೆ. ನೆಟ್ಟಗಿನ ಕಟ್ಟಿಗೆ ಒತ್ತಾಗಿ ಜೋಡಿಸಲು ಸುಲಭ. ಸುಮಾರು 24 ಡಿಗ್ರಿಗೆ ಇಳಿದರೆ ಹೆಪ್ಪುಗಟ್ಟುತ್ತದೆ. ಶೇಂಗಾ ಎಣ್ಣೆಯ ಬಹಳಷ್ಟು ಬಾಲಗಳಲ್ಲಿ ನಡುವೆ ಒಂದು ಡೊಂಕು ಇದೆ. ಡೊಂಕು ಕಟ್ಟಿಗೆ ಒತ್ತಾಗಿ ಕೂರುವುದಿಲ್ಲ.

ಜೀವಕೋಶದ ಗೋಡೆಗೂ ಇದೇ ಕಷ್ಟ. ಗಟ್ಟಿಯಾದರೆ ಕೆಲಸ ನಿಲ್ಲುತ್ತದೆ, ತೀರಾ ಸಡಿಲವಾದರೆ ಸೋರುತ್ತದೆ. ನಮ್ಮ ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆ ಮೀನನ್ನು ನೋಡಿ. ಅದರ ಮೈಗೆ ಸ್ವಂತ ಬಿಸಿ ಇಲ್ಲ, ನೀರು ತಣ್ಣಗಾದರೆ ಅದೂ ತಣ್ಣಗೆ. ಆಗ ಅದರ ಕೋಶಗಳು ನೆಟ್ಟಗಿನ ಬಾಲಗಳಲ್ಲಿ ಡೊಂಕು ಮೂಡಿಸುವ ಕಿಣ್ವವನ್ನು ಜಾಸ್ತಿ ಮಾಡುತ್ತವೆ. ಕೆಲವು ದಿನಗಳಲ್ಲಿ ಗೋಡೆ ಮತ್ತೆ ಹದಕ್ಕೆ ಬರುತ್ತದೆ. ನಮ್ಮ ಕೋಶಗಳಲ್ಲಿ ಹದ ಕಾಯಲು ಕೊಲೆಸ್ಟ್ರಾಲ್ ಕೂಡ ಇದೆ. ಬಾಲಗಳ ನಡುವೆ ಸೇರಿಕೊಂಡು ಅತಿ ಓಡಾಟವನ್ನೂ ತಡೆಯುತ್ತದೆ, ಹೆಪ್ಪುಗಟ್ಟುವುದನ್ನೂ ತಡೆಯುತ್ತದೆ. ಕೊಲೆಸ್ಟ್ರಾಲ್ ಅಂದರೆ ಈಗ ಬೈಗುಳದ ಹಾಗಾಗಿದೆ. ಗೋಡೆಯೊಳಗೆ ಅದು ಇಲ್ಲದಿದ್ದರೆ ನಾವಿಲ್ಲ.

ಪಕ್ಕಕ್ಕೆ ಸರಿಯುವುದು ಇಷ್ಟು ಸುಲಭ, ಆದರೆ ಹೊರಸಾಲಿನಿಂದ ಒಳಸಾಲಿಗೆ ಮಗುಚಿಕೊಳ್ಳುವುದು ಬಹಳ ಕಷ್ಟ. ನೀರನ್ನು ಮೆಚ್ಚುವ ತಲೆ ಎಣ್ಣೆಯ ನಡುವೆ ದಾಟಬೇಕಲ್ಲ. ತಾನಾಗಿ ಆಗಲು ಗಂಟೆಗಳು, ದಿನಗಳು ಬೇಕು. ಹಾಗಾಗಿ ಎರಡು ಸಾಲುಗಳೂ ಬೇರೆ ಬೇರೆಯಾಗಿ ಇರಬಲ್ಲವು. ಸೆರೀನ್ ತಲೆಯವನ್ನು ಕೋಶ ಒಳಸಾಲಿನಲ್ಲೇ ಇಟ್ಟುಕೊಳ್ಳುತ್ತದೆ. ಹೊರಗೆ ಬಂದರೆ ಹಿಡಿದು ಒಳಗೆ ಮಗುಚಲು ಪ್ರೋಟೀನುಗಳಿವೆ, ಅದಕ್ಕಾಗಿ ಶಕ್ತಿ ಖರ್ಚು ಮಾಡುತ್ತದೆ. ಕೋಶ ಸಾಯುವಾಗ ಸೆರೀನ್ ತಲೆಗಳು ಹೊರಗೆ ಕಾಣುತ್ತವೆ. ಅದನ್ನು ಕಂಡ ಬಿಳಿ ರಕ್ತಕಣ ಬಂದು ಆ ಕೋಶವನ್ನು ತಿಂದು ತೆಗೆಯುತ್ತದೆ. ತೋಟದಲ್ಲಿ ಕತ್ತಿ ತಾಗಿ ಬೆರಳು ಕುಯ್ದಾಗಲೂ ಇದೇ ಗುರುತು ಕೆಲಸಕ್ಕೆ ಬರುತ್ತದೆ. ಅಲ್ಲಿ ಸೇರಿದ ಪ್ಲೇಟ್‌ಲೆಟ್‌ಗಳು ಸೆರೀನ್ ತಲೆಗಳನ್ನು ಹೊರಗೆ ತಿರುಗಿಸುತ್ತವೆ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳು ಆ ಮೈಮೇಲೆ ಕೂತು ಕೆಲಸ ಶುರು ಮಾಡುತ್ತವೆ.

ಈಗ ಹಾವು. ಕೊಳಕುಮಂಡಲವನ್ನು ಇಲ್ಲಿ ನೋಡದವರು ಕಮ್ಮಿ. ಅದರ ವಿಷದಲ್ಲಿ, ನಾಗರಹಾವಿನ ವಿಷದಲ್ಲೂ, ಫಾಸ್ಫೋಲಿಪೇಸ್ ಎ2 ಅನ್ನುವ ಕಿಣ್ವ ಇದೆ. ಅದರ ಕೆಲಸ ಒಂದೇ ಕಡೆ ಕತ್ತರಿ ಹಾಕುವುದು. ಫಾಸ್ಫೋಲಿಪಿಡ್‌ನ ನಡುವಿನ ಕೊಕ್ಕೆಯ ಬಾಲವನ್ನು ಕತ್ತರಿಸುತ್ತದೆ. ಉಳಿಯುವುದು ಒಂದು ತಲೆ, ಒಂದೇ ಬಾಲ. ಆಗಲೇ ಹೇಳಿದೆನಲ್ಲ, ಒಂದೇ ಬಾಲ ಅಂದರೆ ಸೋಪು. ನಮ್ಮ ಗೋಡೆಯ ಸಾಮಾನಿನಿಂದಲೇ ಹಾವಿನ ವಿಷ ಸೋಪು ಮಾಡುತ್ತದೆ. ಬೆಣೆಗಳು ಜಾಸ್ತಿಯಾದಂತೆ ಹಲಗೆ ನಿಲ್ಲುವುದಿಲ್ಲ, ಕೋಶ ಸೋರುತ್ತದೆ, ಒಡೆಯುತ್ತದೆ. ವಿಷದಲ್ಲಿ ಇನ್ನೂ ಹಲವು ಪ್ರೋಟೀನುಗಳಿವೆ, ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುವವು, ನರಗಳಿಗೆ ಹೊಡೆಯುವವು. ಇದೊಂದೇ ಕಾರಣ ಅನ್ನುತ್ತಿಲ್ಲ. ಆದರೆ ಕಚ್ಚಿದ ಜಾಗ ಊದಿ ಕೊಳೆಯುವುದರಲ್ಲಿ ಈ ಕತ್ತರಿಯ ಪಾಲಿದೆ. ಅದಕ್ಕೇ ಕೈಮುಗಿದು ಕೇಳುತ್ತೇನೆ. ಕಚ್ಚಿದ ಜಾಗ ಕುಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮದ್ದು ಅರೆಯುತ್ತಾ ಹೊತ್ತು ಕಳೆಯಬೇಡಿ. ಕೈಕಾಲು ಅಲುಗಿಸದೆ ನೇರ ಆಸ್ಪತ್ರೆಗೆ ಹೊರಡಿ. ಈ ಕತ್ತರಿಯನ್ನು ಹಿಡಿದು ನಿಲ್ಲಿಸುವುದು ಅಲ್ಲಿನ ಪ್ರತಿವಿಷ ಮಾತ್ರ.

ಇನ್ನೊಂದು ವಿಷಯ ಹೇಳದೆ ಇರಲಾರೆ. ನನ್ನ ತಂಗಿಗೆ ಏಳು ತಿಂಗಳಿಗೇ ಹೆರಿಗೆಯಾಯಿತು. ಮಗು ಅಂಗೈ ಮೇಲೆ ಹಿಡಿಸುವಷ್ಟು. ಒಂದೊಂದು ಉಸಿರಿಗೂ ಎದೆಗೂಡು ಒಳಗೆ ಎಳೆದುಕೊಳ್ಳುತ್ತಿತ್ತು. ನಾನು ಗಾಜಿನ ಆಚೆ ನಿಂತಿದ್ದೆ. ಡಾಕ್ಟರು ಒಂದು ಪುಟ್ಟ ಸೀಸೆಯಿಂದ ಹಾಲಿನಂಥ ಬಿಳಿ ದ್ರವ ತೆಗೆದು, ಸಪೂರ ಕೊಳವೆಯಲ್ಲಿ ಮಗುವಿನ ಶ್ವಾಸಕೋಶಕ್ಕೆ ಬಿಟ್ಟರು. ಆ ದ್ರವದಲ್ಲಿ ಮುಖ್ಯವಾಗಿ ಇದ್ದದ್ದು ಫಾಸ್ಫೋಲಿಪಿಡ್.

ಶ್ವಾಸಕೋಶದಲ್ಲಿ 30 ಕೋಟಿಗೂ ಜಾಸ್ತಿ ಸಣ್ಣ ಗಾಳಿಚೀಲಗಳಿವೆ. ಒಳಮೈ ಒದ್ದೆ. ನೀರಿನ ಅಣುಗಳು ಕೈ ಹಿಡಿದು ಎಳೆಯುತ್ತವೆ ಅಂದೆನಲ್ಲ, ಅದೇ ಎಳೆತ ಇಲ್ಲಿ ಚೀಲವನ್ನು ಮುದುಡಿಸಲು ನೋಡುತ್ತದೆ. ಅದನ್ನು ತಡೆಯಲು ಶ್ವಾಸಕೋಶದ ಕೆಲವು ಕೋಶಗಳು ಫಾಸ್ಫೋಲಿಪಿಡ್ ಸ್ರವಿಸುತ್ತವೆ. ಇಲ್ಲಿ ಎರಡು ಸಾಲಲ್ಲ, ನೀರಿನ ಮೇಲೆ ಒಂದೇ ಸಾಲು. ತಲೆ ನೀರಿಗೆ, ಬಾಲ ಗಾಳಿಗೆ. ಅದರಲ್ಲಿ ಮುಖ್ಯವಾದದ್ದಕ್ಕೆ ಎರಡೂ ಬಾಲ 16 ಇಂಗಾಲದ್ದು, ಎರಡೂ ನೆಟ್ಟಗೆ. ಕೊಬ್ಬರಿ ಎಣ್ಣೆಯ ಹಾಗೆ ಒತ್ತಾಗಿ ನಿಂತು ನೀರಿನ ಎಳೆತವನ್ನು ಸಡಿಲಿಸುತ್ತದೆ. ಮಗು ಇದನ್ನು ಸಾಕಷ್ಟು ತಯಾರಿಸುವುದು ಗರ್ಭದ ಕೊನೆಯ ವಾರಗಳಲ್ಲಿ. ಬೇಗ ಹುಟ್ಟಿದರೆ ಸಾಲದು.

ಅವಧಿಗೆ ಮೊದಲೇ ಹುಟ್ಟಿದ ಮಕ್ಕಳ ಉಸಿರಾಟದ ತೊಂದರೆಗೆ ಇದೇ ಕಾರಣ ಅಂತ 1959ರಲ್ಲಿ ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ ತೋರಿಸಿದರು. ನಾಲ್ಕು ವರ್ಷದ ಮೇಲೆ, 1963ರಲ್ಲಿ, ಅಮೆರಿಕದ ಅಧ್ಯಕ್ಷ ಕೆನಡಿಯ ಮಗು ಇದೇ ತೊಂದರೆಯಿಂದ ಎರಡು ದಿನವೂ ಬದುಕಲಿಲ್ಲ. ಆಗ ಮದ್ದಿರಲಿಲ್ಲ. 1972ರಲ್ಲಿ ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಹೆರಿಗೆಗೆ ಮೊದಲೇ ತಾಯಿಗೆ ಸ್ಟಿರಾಯ್ಡ್ ಕೊಟ್ಟರೆ ಮಗುವಿನ ಶ್ವಾಸಕೋಶ ಬೇಗ ಹದವಾಗುತ್ತದೆ ಅಂತ ತೋರಿಸಿದರು. 1980ರಲ್ಲಿ ಜಪಾನಿನ ಫುಜಿವಾರ ಹಸುವಿನ ಶ್ವಾಸಕೋಶದಿಂದ ತೆಗೆದ ಫಾಸ್ಫೋಲಿಪಿಡ್ ಮಿಶ್ರಣವನ್ನು 10 ಶಿಶುಗಳಿಗೆ ಕೊಟ್ಟು ಫಲ ಕಂಡರು. ನನ್ನ ತಂಗಿಯ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಬಸ್ಸಿಗೆ ಓಡುತ್ತಾಳೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದರು. ಅಡಿಕೆ ತೋಟದವರು.

“ಮೇಷ್ಟ್ರೇ, ಗೋಡೆಗೆ ರಂಜಕ ಬೇಕು ಅಂದ್ರಿ. ನಮ್ಮದು ಜಂಬಿಟ್ಟಿಗೆ ಮಣ್ಣು. ರಂಜಕ ಹಾಕಿದ್ರೂ ಗಿಡಕ್ಕೆ ಸಿಗಲ್ಲ ಅಂತಾರೆ. ಹಾಗಾದ್ರೆ ಗಿಡ ಗೋಡೆ ಹೇಗೆ ಕಟ್ಟುತ್ತೆ?”

ನಾನು ಆ ಸಂಜೆ ಕೇಳಿದ ಅತಿ ಒಳ್ಳೆಯ ಪ್ರಶ್ನೆ ಅದು. ಅವರು ಹೇಳಿದ್ದು ಸರಿ. ನಮ್ಮ ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಅವು ರಂಜಕವನ್ನು ಹಿಡಿದುಕೊಂಡುಬಿಡುತ್ತವೆ. ಆಗ ಗಿಡ ಏನು ಮಾಡುತ್ತದೆ ಅಂದರೆ, ತನ್ನ ಗೋಡೆಯ ಫಾಸ್ಫೋಲಿಪಿಡ್‌ಗಳಲ್ಲಿ ಒಂದಷ್ಟನ್ನು ತಾನೇ ಬಿಚ್ಚುತ್ತದೆ. ಅದರ ಫಾಸ್ಫೇಟನ್ನು ತುರ್ತಿನ ಕೆಲಸಕ್ಕೆ ಒಯ್ಯುತ್ತದೆ. ಖಾಲಿಯಾದ ಜಾಗಕ್ಕೆ ಸಕ್ಕರೆಯ ತಲೆ ಇರುವ ಲಿಪಿಡ್‌ಗಳನ್ನು ನಿಲ್ಲಿಸುತ್ತದೆ. ಸಕ್ಕರೆಯೂ ನೀರಿಗೆ ಹೊಂದುತ್ತದೆ, ಬಾಲ ಎರಡೇ ಇವೆ, ನೀರು ಗೋಡೆಯನ್ನು ಹಾಗೇ ಹಿಡಿದು ನಿಲ್ಲಿಸುತ್ತದೆ. ಎಲೆಯ ಹಸಿರು ಇರುವ ಪೊರೆಗಳಂತೂ ಮೊದಲಿನಿಂದಲೂ ಹೆಚ್ಚಾಗಿ ಸಕ್ಕರೆ ತಲೆಯವೇ.

“ಹಾಗಾದ್ರೆ ಗೊಬ್ಬರ ಬೇಡ್ವಾ?” ಅಂದರು.

ಬೇಕು. ಗೋಡೆಗಾದರೆ ಬದಲಿ ಇದೆ. ಡಿಎನ್‌ಎಗೆ, ಕೋಶದ ಶಕ್ತಿಯ ಎಟಿಪಿಗೆ ರಂಜಕವೇ ಆಗಬೇಕು. ಅದಿಲ್ಲದಿದ್ದರೆ ಗಿಡ ಕೂಡಲೇ ಸಾಯುವುದಿಲ್ಲ, ಕುಳ್ಳಾಗಿ ಉಳಿಯುತ್ತದೆ, ಬೇರು ಬೆಳೆಯುವುದಿಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಅಂದೆ. ಹುಳಿ ಜಾಸ್ತಿ ಇದ್ದರೆ ಸುಣ್ಣ ಹಾಕಿ. ಸೊಪ್ಪು, ಕೊಟ್ಟಿಗೆ ಗೊಬ್ಬರ ಬಿಡಬೇಡಿ. ಬೇರಿನ ಜೊತೆ ಬದುಕುವ ಶಿಲೀಂಧ್ರಗಳು ದೂರದಿಂದ ರಂಜಕ ಎಳೆದು ತರುತ್ತವೆ, ಅವು ಉಳಿಯಲಿ. ಮಣ್ಣಿನ ಮಾದರಿಯನ್ನು ಎಷ್ಟು ಆಳದಿಂದ ತೆಗೆಯಬೇಕು ಅಂತ ಅವರು ಕೇಳಿದರು. ಆ ಮಾತನ್ನು ನಾವಿಬ್ಬರೂ ಬಸ್ ಸ್ಟ್ಯಾಂಡಿನವರೆಗೆ ಒಂದೇ ಛತ್ರಿಯಲ್ಲಿ ಆಡುತ್ತಾ ಹೋದೆವು.